ಅಪರೂಪದ ಕಾರು: ಓಡಿಸಬೇಕಾ, ಮುಚ್ಚಿಡಬೇಕಾ?

ಪ್ರಶ್ನೆ: ತುಂಬ ವರ್ಷ ಆಸೆಪಟ್ಟು ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದೇನೆ. ಪೇಂಟ್, ಸೀಟು ಎಲ್ಲ ಕಂಪನಿಯಿಂದ ಬಂದ ಹಾಗೇ ಇವೆ. ಓಡಿಸಿದರೆ ಬೆಲೆ ಇಳಿಯುತ್ತದೆ, ಮುಚ್ಚಿಡು ಅಂತ ಕೆಲವರು ಹೇಳುತ್ತಾರೆ. ಇಟ್ಟವರು, ಓಡಿಸಿದವರು ನಿಮ್ಮ ಅನುಭವ ತಿಳಿಸಿ.

ಉತ್ತರ: ಓಡಿಸಿ ಸರ್. ನಿಲ್ಲಿಸಿದ ಕಾರು ಇದ್ದ ಹಾಗೇ ಇರುತ್ತದೆ ಅಂತ ನಂಬಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ, ಆಮೇಲೆ ಒಳಗಿಂದ ತುಕ್ಕು ಶುರು. ಹಳೆಯ ಪೆಟ್ರೋಲ್ ಅಂಟು ಅಂಟಾಗಿ ಎಂಜಿನ್‌ಗೆ ಪೆಟ್ರೋಲ್ ಬಿಡುವ ಕಾರ್ಬುರೇಟರ್‌ನ ಸಣ್ಣ ತೂತು (ಜೆಟ್) ಕಟ್ಟಿಕೊಳ್ಳುತ್ತದೆ. ರಬ್ಬರ್ ಸೀಲುಗಳು ಒಣಗಿ ಸೋರುತ್ತವೆ. ನಾನು ಕೊಂಡ ಕಾರನ್ನು ಹಿಂದಿನ ಮಾಲೀಕರು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. ಮೀಟರ್ ನೋಡಿದರೆ ಹೊಸ ಕಾರೇ. ರಸ್ತೆಗೆ ಇಳಿಸುವ ಮುಂಚೆ ಟ್ಯಾಂಕ್ ಬಿಚ್ಚಿ ತೊಳೆಸಬೇಕಾಯಿತು, ಹಿಡಿದುಕೊಂಡಿದ್ದ ಬ್ರೇಕ್ ಬಿಚ್ಚಬೇಕಾಯಿತು, ಹೋಸುಗಳೆಲ್ಲ ಬದಲಾದವು. ಈಗ ಆಗಾಗ ಓಡಿಸುತ್ತೇನೆ, ಅಂಥ ತೊಂದರೆ ಮತ್ತೆ ಬಂದಿಲ್ಲ. ಅಮೆರಿಕದ ಟಲ್ಸಾದಲ್ಲಿ 1957ರಲ್ಲಿ ಹೊಸ ಪ್ಲಿಮತ್ ಬೆಲ್ವೆಡೇರ್ ಕಾರನ್ನು ನೆಲದಡಿಯ ಕಾಂಕ್ರೀಟ್ ಕೋಣೆಯಲ್ಲಿ ಹೂತಿಟ್ಟಿದ್ದರು. 2007ರಲ್ಲಿ ತೆಗೆದಾಗ ಅದು ತುಕ್ಕಿನ ಮುದ್ದೆಯಾಗಿತ್ತು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಉತ್ತರ: ಟಲ್ಸಾ ಕಾರು ಹಾಳಾಗಿದ್ದು ಕೋಣೆಗೆ ನೀರು ನುಗ್ಗಿದ್ದರಿಂದ. ಒಣ ಜಾಗದಲ್ಲಿ, ಗಾಳಿಯಾಡುವ ಹೊದಿಕೆ ಹಾಕಿ, ಬ್ಯಾಟರಿಗೆ ಚಾರ್ಜರ್ ಕೊಟ್ಟು ಇಟ್ಟರೆ ಕಥೆಯೇ ಬೇರೆ. 2021ರಲ್ಲಿ ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ ಮೆಕ್‌ಲಾರೆನ್ ಎಫ್1 ಅನ್ನುವ ಒಂದು ಅಪರೂಪದ ಸ್ಪೋರ್ಟ್ಸ್ ಕಾರು 2 ಕೋಟಿ ಡಾಲರ್‌ಗೂ ಜಾಸ್ತಿಗೆ ಹೋಯಿತು. ಅದು ಓಡಿದ್ದು 400 ಕಿ.ಮೀ.ಗೂ ಕಡಿಮೆ. ಹಾಗಾಗಿ ಮೊದಲು ನಿಮ್ಮ ಮೀಟರ್ ನೋಡಿ. ಕೆಲವೇ ನೂರು ಕಿ.ಮೀ. ಇದ್ದರೆ ಒಂದೊಂದು ಕಿ.ಮೀ.ಗೂ ಬೆಲೆ ಇದೆ, ಇಟ್ಟುಬಿಡಿ. ನಲವತ್ತು ಐವತ್ತು ಸಾವಿರ ದಾಟಿದೆಯಾ? ವರ್ಷಕ್ಕೆ ಇನ್ನೊಂದು ಸಾವಿರ ಓಡಿದರೆ ಯಾರೂ ಕೇಳುವುದಿಲ್ಲ. ಅಂಥ ಕಾರಿಗೆ ಕೊಳ್ಳುವವರು ಮೊದಲು ಕೇಳುವುದು ಸರ್ವಿಸ್ ಬಿಲ್ಲುಗಳ ಫೈಲ್. ಇನ್ನೊಂದು ಮಾತು. ಇಟ್ಟರೆ ಖರ್ಚು ತಪ್ಪಿತು ಅಂದುಕೊಳ್ಳಬೇಡಿ. ಅದೇ ಮೆಕ್‌ಲಾರೆನ್ ಕಾರನ್ನು ಓಡಿಸಲಿ ಬಿಡಲಿ, ಅದರಲ್ಲಿ ಟ್ಯಾಂಕಿನ ಕೆಲಸ ಮಾಡುವ ಪೆಟ್ರೋಲ್ ಚೀಲವನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಉತ್ತರ: ಮೇಲಿನ ಇಬ್ಬರ ಮಾತೂ ಸರಿ. ಆದರೆ ಇಡುವವರು ಜಾಸ್ತಿ ಮಾಡುವ ಒಂದು ಕೆಲಸ ನಿಜಕ್ಕೂ ಕೆಟ್ಟದ್ದು: ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡುವುದು. ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟಿದ ನೀರಿನ ಆವಿ ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ಉಳಿದುಬಿಡುತ್ತದೆ. ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ.

ಹೊರಡುವ ಮುಂಚೆ ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 1412 ಅಂತಿದ್ದರೆ ಅದು 2012ನೇ ವರ್ಷದ 14ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರ್ ಒಂಚೂರೂ ಸವೆಯದೆ ಹೊಸದರಂತೆ ಕಂಡರೂ ಅದರ ಮೇಲೆ ಓಡಿಸಬೇಡಿ. ಟೈರ್ ಬದಲಾಯಿಸಿದ ಮೇಲೇ ಹೊರಡಿ ಸರ್.