ಬ್ಲೂಟೂತ್ ಇಲ್ಲದ ಹಳೆಯ ಲ್ಯಾಪ್‌ಟಾಪಿಗೆ ಒಳಗಡೆಯೇ ಬ್ಲೂಟೂತ್ ಕೂಡಿಸಿದವರು ಅನುಭವ ತಿಳಿಸಿ

ಸುಂಟಿಕೊಪ್ಪದಿಂದ ಕೇಳಿದ್ದು

ನಮಸ್ಕಾರ. ನನ್ನ ಬಳಿ 2013ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಕೆಲಸಕ್ಕೇನೂ ಕೊರತೆಯಿಲ್ಲ. ಬ್ಲೂಟೂತ್ ಮಾತ್ರ ಮೊದಲಿನಿಂದಲೂ ಇಲ್ಲ. ಇರುವ ಎರಡು ಯುಎಸ್‌ಬಿ ಪೋರ್ಟುಗಳಲ್ಲಿ ಒಂದು ಕಳೆದ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದು ಕೆಟ್ಟಿದೆ. ತೋಟದ ನಡುವಿನ ನಮ್ಮ ಮನೆಗೆ ಬೇರೆ ಇಂಟರ್ನೆಟ್ ಇಲ್ಲದ್ದರಿಂದ ಇನ್ನೊಂದರಲ್ಲಿ ಡೇಟಾ ಕಾರ್ಡ್ ಸದಾ ಇರಲೇಬೇಕು. ಸಂಜೆ ಆನ್‌ಲೈನ್ ಟ್ಯೂಷನ್ ಹೇಳಿಕೊಡಲು ತಂತಿಯಿಲ್ಲದ ಹೆಡ್‌ಸೆಟ್ ಬೇಕಾಗಿದೆ. ವೈ-ಫೈ ಕಾರ್ಡ್ ಬದಲಿಸಿದರೆ ಬ್ಲೂಟೂತ್ ಬರುತ್ತದೆ ಎಂದು ಕೇಳಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಮಡಿಕೇರಿಯಿಂದ

ನೀವು ಕೇಳಿರುವುದು ಸರಿ, ಆದರೆ ಅರ್ಧ ಸರಿ. ಆ ಕಾಲದ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ವೈ-ಫೈ ಕಾರ್ಡ್ ಕೂರುವುದು ಮಿನಿ ಪಿಸಿಐಇ ಸ್ಲಾಟಿನಲ್ಲಿ. ಅದಕ್ಕೆ ಹೊಂದುವ ಅರ್ಧ ಅಳತೆಯ ಕಾಂಬೊ ಕಾರ್ಡುಗಳು, ಅಂದರೆ ವೈ-ಫೈ ಮತ್ತು ಬ್ಲೂಟೂತ್ ಎರಡೂ ಇರುವಂಥವು, ಹಳೆಯ ಬಿಡಿಭಾಗ ಮಾರುವವರಲ್ಲಿ ಈಗಲೂ ಸಿಗುತ್ತವೆ. ಇಂಟೆಲ್ 7260 ಮತ್ತು ಒಂದೇ ಆಂಟೆನಾದ 3160 ಈ ಬಗೆಯವು. ಎರಡರಲ್ಲೂ ಬ್ಲೂಟೂತ್ 4.0 ಇದೆ.

ತೊಡಕು ಇರುವುದು ಕಾರ್ಡಿನಲ್ಲಲ್ಲ, ಸ್ಲಾಟಿನಲ್ಲಿ. ನೋಡುವುದಕ್ಕೆ ಒಂದೇ ಕಾರ್ಡಾದರೂ ಒಳಗಿರುವುದು ಎರಡು ಸಾಧನ: ವೈ-ಫೈ ಭಾಗವು ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಮದರ್‌ಬೋರ್ಡಿನೊಡನೆ ಮಾತನಾಡಿದರೆ, ಬ್ಲೂಟೂತ್ ಭಾಗವು ಯುಎಸ್‌ಬಿ ದಾರಿಯಲ್ಲಿ ಮಾತನಾಡುತ್ತದೆ, ಮತ್ತು ಆ ಯುಎಸ್‌ಬಿ ಸಂಪರ್ಕ ಸಾಗುವುದು ಸ್ಲಾಟಿನ 52 ಪಿನ್ನುಗಳ ಪೈಕಿ 36 ಮತ್ತು 38ನೆಯವುಗಳ ಮೂಲಕ. ಬ್ಲೂಟೂತ್ ಇಲ್ಲದೆ ಅಗ್ಗದಲ್ಲಿ ಮಾರುವ ಮಾದರಿಗಳಲ್ಲಿ ಕೆಲವೊಮ್ಮೆ ಈ ಎರಡು ಪಿನ್ನುಗಳನ್ನು ಎಲ್ಲಿಗೂ ಜೋಡಿಸದೆ ಬಿಟ್ಟಿರುತ್ತಾರೆ. ನನ್ನ ಮೊದಲ ಪ್ರಯತ್ನ ಸೋತದ್ದು ಇಲ್ಲಿಯೇ. ಹೊಸ ಕಾರ್ಡಿನಲ್ಲಿ ವೈ-ಫೈ ಮೊದಲಿಗಿಂತ ಚೆನ್ನಾಗಿಯೇ ಬಂತು. ಬ್ಲೂಟೂತ್ ಮಾತ್ರ ಡಿವೈಸ್ ಮ್ಯಾನೇಜರಿನಲ್ಲಿ ಹೆಸರಿಗೂ ಇಲ್ಲ, ಹಳದಿ ಗುರುತಿನ ಅಪರಿಚಿತ ಸಾಧನವಾಗಿ ಕೂಡ ಕಾಣಲಿಲ್ಲ. ಮೂರು ರಾತ್ರಿ ಡ್ರೈವರ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದಾಗ ಆ ಎರಡು ಪಿನ್ನುಗಳಿಂದ ಹೊರಟ ಸಣ್ಣ ಗೆರೆಗಳು ಬೋರ್ಡಿನ ಮೇಲೆ ಎರಡು ಖಾಲಿ ಬಿಂದುಗಳಲ್ಲಿ ನಿಂತಿದ್ದವು. ಅಲ್ಲಿ ಬೆಸುಗೆ ಹಾಕಬೇಕಾಗಿದ್ದ ಪುಟ್ಟ ರೆಸಿಸ್ಟರುಗಳನ್ನು ಕಾರ್ಖಾನೆಯಲ್ಲೇ ಬಿಟ್ಟಿದ್ದರು. ಸಾಧನ ಅಪರಿಚಿತವಾಗಿ ಕಂಡರೆ ಅದು ಡ್ರೈವರಿನ ಸಮಸ್ಯೆ. ಕಾಣಲೇ ಇಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ತಂತಿಯನ್ನೇ.

ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ, ಬಿಡಿಭಾಗಗಳ ಪಟ್ಟಿಯಲ್ಲಿ ವೈರ್‌ಲೆಸ್ ಕಾರ್ಡುಗಳ ಸಾಲನ್ನು ಓದಿ. ಅದೇ ಮಾದರಿಗೆ ಕಾಂಬೊ ಕಾರ್ಡ್ ಹಾಕಿಯೂ ಮಾರಿದ್ದರೆ ಅದರ ಹೆಸರು ಅಲ್ಲಿರುತ್ತದೆ, ಮತ್ತು ಸ್ಲಾಟಿಗೆ ಯುಎಸ್‌ಬಿ ಸಂಪರ್ಕ ಇರುವ ಭರವಸೆ ಬಹುಮಟ್ಟಿಗೆ ಅದರಿಂದಲೇ ಸಿಗುತ್ತದೆ.

ಗೋಣಿಕೊಪ್ಪಲಿನಿಂದ

ಮೇಲಿನವರು ಹೇಳಿದ ಪಟ್ಟಿಯಿಂದ ಇನ್ನೊಂದು ಉಪಯೋಗವೂ ಉಂಟು. ಕೆಲವು ತಯಾರಕರು ತಮ್ಮ ಒಪ್ಪಿಗೆಯ ಕಾರ್ಡುಗಳ ಗುರುತನ್ನು ಬಯಾಸ್ ಒಳಗೆ, ಅಂದರೆ ಯಂತ್ರ ಆನ್ ಆದೊಡನೆ ವಿಂಡೋಸಿಗೂ ಮೊದಲು ಓಡುವ ತಂತ್ರಾಂಶದೊಳಗೆ, ಬರೆದಿಟ್ಟಿರುತ್ತಾರೆ. ಬೇರೆ ಕಾರ್ಡ್ ಹಾಕಿದರೆ ಯಂತ್ರ ವಿಂಡೋಸ್ ತನಕ ಹೋಗದೆ, ಅನುಮತಿಯಿಲ್ಲದ ನೆಟ್‌ವರ್ಕ್ ಕಾರ್ಡ್ ಇದೆ ಎಂಬ ಸಂದೇಶ ತೋರಿಸಿ ನಿಂತುಬಿಡುತ್ತದೆ. ನನಗೆ ಹಾಗಾದಾಗ ಲ್ಯಾಪ್‌ಟಾಪೇ ಹೋಯಿತೆಂದು ಎದೆ ಧಸಕ್ಕೆಂದಿತು. ಹಳೆಯ ಕಾರ್ಡನ್ನು ಮರಳಿ ಕೂರಿಸಿದ ಕೂಡಲೇ ಸರಿಯಾಯಿತು. ಬಯಾಸ್ ಚಿಪ್ಪಿನ ಹೆಸರನ್ನಷ್ಟೇ ನೋಡುವುದಿಲ್ಲ, ಯಾವ ತಯಾರಕರಿಗಾಗಿ ಮಾಡಿದ ಕಾರ್ಡ್ ಎಂಬುದನ್ನೂ ನೋಡಬಹುದು. ಹಾಗಾಗಿ ಮಾದರಿಯ ಹೆಸರಿನಿಂದ ಹುಡುಕಬೇಡಿ, ಮ್ಯಾನ್ಯುಯಲ್ಲಿನಲ್ಲಿರುವ ಪಾರ್ಟ್ ನಂಬರಿನಿಂದಲೇ ಹುಡುಕಿ.

ನನ್ನ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಸ್ಲಾಟಿಗೆ ಯುಎಸ್‌ಬಿ ಸಂಪರ್ಕ ಇತ್ತು, ಬಯಾಸ್ ಕೂಡ ಒಪ್ಪಿತು, ಆದರೂ ಬ್ಲೂಟೂತ್ ಏಳಲಿಲ್ಲ. ಕಾರಣ 51ನೆಯ ಪಿನ್. ಮೂಲ ವಿನ್ಯಾಸದಲ್ಲಿ ಮೀಸಲಾಗಿ ಬಿಟ್ಟಿದ್ದ ಈ ಪಿನ್ನನ್ನು ಮುಂದೆ ಬಂದ ಕಾಂಬೊ ಕಾರ್ಡುಗಳು ಬ್ಲೂಟೂತ್ ಆಫ್ ಮಾಡುವ ಸಂಕೇತಕ್ಕೆ ಬಳಸಿಕೊಂಡವು. ಹಳೆಯ ಬೋರ್ಡ್ ಅದನ್ನು ಬೇರಾವುದಕ್ಕೋ ಉಪಯೋಗಿಸುತ್ತಿದ್ದರೆ ಕಾರ್ಡಿಗೆ ಸದಾ ಆಫ್ ಆಗು ಎಂಬ ಆಜ್ಞೆಯೇ ತಲುಪುತ್ತಿರುತ್ತದೆ. ಬೆಸ ಸಂಖ್ಯೆಯ ಪಿನ್ನುಗಳಿರುವ ಮುಖದಲ್ಲಿ, ಅಗಲವಾದ ಭಾಗದ ಅಂಚಿನಲ್ಲಿ ಕಟ್ಟಕಡೆಯದು ಅದು. ಶಾಖ ತಾಳುವ ತೆಳು ಹಳದಿ ಟೇಪನ್ನು ಬ್ಲೇಡಿನಿಂದ ಅಕ್ಕಿಕಾಳಿಗಿಂತ ಕಿರಿದಾಗಿ ಕತ್ತರಿಸಿ, ಚಿಮುಟದಲ್ಲಿ ಹಿಡಿದು ಆ ಒಂದು ಪಿನ್ನನ್ನು ಮಾತ್ರ ಮುಚ್ಚಿದೆ. ಮೊದಲ ಬಾರಿ 49ನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದೆ. ಎರಡನೆಯ ಬಾರಿ ಸರಿಯಾಗಿ ಕೂತಿತು. ಟೇಪ್ ದಪ್ಪವಾದರೆ ಸ್ಲಾಟಿನೊಳಗೆ ಮಡಚಿಕೊಳ್ಳುತ್ತದೆ, ಅದನ್ನು ಕೀಳುವುದು ಬೇರೆಯೇ ಪಡಿಪಾಟಲು.

ಕುಶಾಲನಗರದಿಂದ

ನಾನು ಮಾಡಿದ ತಪ್ಪನ್ನು ನೀವು ಮಾಡದಿರಲೆಂದು ಬರೆಯುತ್ತಿದ್ದೇನೆ. ಇಂಟೆಲ್ ಕಂಪನಿಯ 2230 ಎಂಬ ಮಿನಿ ಪಿಸಿಐಇ ಕಾಂಬೊ ಕಾರ್ಡ್ ಒಂದಿದೆ. ಹೊಸ ಲ್ಯಾಪ್‌ಟಾಪುಗಳ ಎಂ.2 ಕಾರ್ಡುಗಳಲ್ಲಿ 2230 ಎಂದರೆ ಹೆಸರಲ್ಲ, ಅಳತೆ: 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ. ಹೆಸರು ಕೊಟ್ಟು ತರಿಸಿದ ನನಗೆ ಬಂದದ್ದು ಅಳತೆ. ಸ್ಲಾಟಿಗೂ ಹಿಡಿಸಲಿಲ್ಲ, ಎಂ.2 ಕಾರ್ಡಿನ ಆಂಟೆನಾ ಕಿರುಗುಂಡಿಗಳೂ ಇನ್ನಷ್ಟು ಚಿಕ್ಕವಾದ್ದರಿಂದ ಹಳೆಯ ತಂತಿ ಅದಕ್ಕೆ ಕೂರುವಂತಿಲ್ಲ. ಇನ್ನು ಎಂ.2 ಸ್ಲಾಟ್ ಇರುವವರು ಇದನ್ನು ಓದುತ್ತಿದ್ದರೆ, ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ಎಂಬ ಎಂ.2 ಕಾರ್ಡುಗಳು ನೋಡಲು ಒಂದೇ ರೀತಿ ಇದ್ದರೂ ಎರಡನೆಯದು ಅದಕ್ಕೆಂದೇ ಮಾಡಿದ ಇಂಟೆಲ್ ಚಿಪ್‌ಸೆಟ್ಟಿನೊಡನೆ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ವಿರಾಜಪೇಟೆಯಿಂದ

ಯುಎಸ್‌ಬಿಗೆ ಚುಚ್ಚುವ ಚಿಕ್ಕ ಬ್ಲೂಟೂತ್ ಡಾಂಗಲ್ಲಿನ ಹೊದಿಕೆ ಬಿಚ್ಚಿ, ಕೆಟ್ಟ ಯುಎಸ್‌ಬಿ ಪೋರ್ಟಿನ ನಾಲ್ಕು ಬಿಂದುಗಳಿಗೆ ಒಳಗಿನಿಂದಲೇ ತಂತಿ ಬೆಸೆಯುವ ದಾರಿಯೂ ಇದೆ. ನನ್ನದು ಹಾಗೆಯೇ ಎರಡು ವರ್ಷದಿಂದ ನಡೆಯುತ್ತಿದೆ. ಪೋರ್ಟಿನ ಲೋಹ ಮಾತ್ರ ಕಿಲುಬು ಹಿಡಿದು ಬೋರ್ಡ್ ಚೆನ್ನಾಗಿದ್ದರೆ ಇದು ಆಗುವ ಕೆಲಸ. ವೆಬ್‌ಕ್ಯಾಮಿನ ತಂತಿಗೆ ಬೆಸೆಯಲು ಹೋಗಬೇಡಿ, ಅಲ್ಲಿ 5 ವೋಲ್ಟಿನ ಬದಲು 3.3 ವೋಲ್ಟ್ ಇರಬಹುದು. ಬೆಸುಗೆಯಲ್ಲಿ ಕೈ ಪಳಗಿಲ್ಲದಿದ್ದರೆ ಪೋರ್ಟನ್ನೇ ಬದಲಿಸಿಕೊಡಿ ಎಂದು ರಿಪೇರಿಯವರನ್ನು ಕೇಳುವುದು ಇದಕ್ಕಿಂತ ಸುಲಭ.

ಸುಂಟಿಕೊಪ್ಪದಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಮ್ಯಾನ್ಯುಯಲ್ ಸಿಕ್ಕಿತು, ಪಟ್ಟಿಯಲ್ಲಿ ಒಂದು ಕಾಂಬೊ ಕಾರ್ಡ್ ಇತ್ತು, ಪಾರ್ಟ್ ನಂಬರ್ ಕೊಟ್ಟು ಬಳಸಿದ ಕಾರ್ಡನ್ನೇ ತರಿಸಿದೆ. ಘಟ್ಟದ ಮಳೆಯಲ್ಲಿ ಕೊರಿಯರ್ ನಾಲ್ಕು ದಿನ ತಡವಾಯಿತು. ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಒಂದಿಷ್ಟು ಹೊತ್ತು ಒತ್ತಿಹಿಡಿದು, ಕೆಳಗಿನ ಮುಚ್ಚಳ ಬಿಚ್ಚಿದೆ. ಹಳೆಯ ಕಾರ್ಡಿನ ಮೇಲೆ ಕಪ್ಪು ಮತ್ತು ಬಿಳಿ ಎರಡು ಆಂಟೆನಾ ತಂತಿಗಳಿದ್ದವು, ಆದರೆ ಬಿಳಿಯದನ್ನು ಯಾವುದಕ್ಕೂ ಸೇರಿಸದೆ ಪಕ್ಕಕ್ಕೆ ಟೇಪ್ ಹಚ್ಚಿ ಮಲಗಿಸಿದ್ದರು. ಅದೇ ಈಗ ಕೆಲಸಕ್ಕೆ ಬಂತು. ಅವುಗಳ ತುದಿ ಟಿಚ್ ಬಟನ್ನಿನಂತೆ ಇದೆ. ಬೆರಳಲ್ಲಿ ನೇರವಾಗಿ ಒತ್ತಿದರೆ ಸಣ್ಣಗೆ ಟಕ್ಕೆನ್ನುತ್ತದೆ, ಓರೆಯಾಗಿ ಒತ್ತಿದರೆ ಜಾರುತ್ತದೆ. ಬಂದ ಕಾರ್ಡಿನ ಪಿನ್ನುಗಳು ಮಂಕಾಗಿದ್ದವು; ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಒರೆಸಿದ ಮೇಲೆ ಹೊಳಪು ಬಂತು.

ವೈ-ಫೈಗೆ ಮತ್ತು ಬ್ಲೂಟೂತ್‌ಗೆ ಡ್ರೈವರ್ ಬೇರೆ ಬೇರೆ ಎಂದು ತಿಳಿಯದೆ ಅರ್ಧ ಗಂಟೆ ಕಳೆದೆ, ಅಷ್ಟೇ. 51ನೆಯ ಪಿನ್ನಿಗೆ ಟೇಪ್ ಬೇಕಾಗಲಿಲ್ಲ. ಹೆಡ್‌ಸೆಟ್ ಜೋಡಣೆಯಾಯಿತು, ಪಾಠದ ವಿಡಿಯೊ ಚೆನ್ನಾಗಿ ಕೇಳಿಸುತ್ತದೆ. ಆದರೆ ಹೆಡ್‌ಸೆಟ್ಟಿನ ಮೈಕ್ ಬಳಸಿದೊಡನೆ ಬ್ಲೂಟೂತ್ ಫೋನ್ ಕರೆಯ ಕ್ರಮಕ್ಕೆ ಹೊರಳಿ, ಮಕ್ಕಳ ದನಿ ಡಬ್ಬದೊಳಗಿನಿಂದ ಬಂದಂತೆ ಆಗುತ್ತದೆ. ಆದ್ದರಿಂದ ಕೇಳುವುದಕ್ಕೆ ಹೆಡ್‌ಸೆಟ್, ಮಾತನಾಡುವುದಕ್ಕೆ ಲ್ಯಾಪ್‌ಟಾಪಿನದೇ ಮೈಕ್ ಎಂದು ಸೌಂಡ್ ಸೆಟ್ಟಿಂಗಿನಲ್ಲಿ ಬೇರ್ಪಡಿಸಿಕೊಂಡಿದ್ದೇನೆ. ಹೆಂಚಿನ ಮೇಲೆ ಮಳೆ ಜೋರಾದಾಗ ಮಾತ್ರ ಆ ಮೈಕ್ ಮಳೆಯನ್ನೂ ಮಕ್ಕಳಿಗೆ ಕೇಳಿಸುತ್ತದೆ. ಆಗ ಹೆಡ್‌ಸೆಟ್ಟಿನ ಮೈಕಿಗೇ ಮರಳುತ್ತೇನೆ.