ಎಲ್‌ಕೆಜಿ ಮಗು "ಅವಳು ಕಪ್ಪು, ಕೈ ಹಿಡಿಯಲ್ಲ" ಅಂದರೆ ಟೀಚರ್ ಏನು ಮಾಡಬೇಕು?

ದಾವಣಗೆರೆ ಮಿಸ್ ಕೇಳಿದ್ದು:

ನಾನು ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ನೋಡಿಕೊಳ್ಳುತ್ತೇನೆ. ಎಲ್ಲ ಥರದ ಮಕ್ಕಳೂ ಇದ್ದಾರೆ. ಮಂಡಿ ಸಾಹುಕಾರರ ಮಕ್ಕಳು, ಆಟೋ ಓಡಿಸುವವರ ಮಕ್ಕಳು, ತಾಂಡಾದಿಂದ ವ್ಯಾನಿನಲ್ಲಿ ಬರುವವರು, ಮನೆಯಲ್ಲಿ ಉರ್ದು ಮಾತಾಡುವವರು.

ಕಳೆದ ವಾರ ಎಲ್ಲರನ್ನೂ ಗುಂಡಗೆ ನಿಲ್ಲಿಸಿ ಆಟ ಆಡಿಸುತ್ತಿದ್ದೆ. ಒಬ್ಬ ಹುಡುಗಿ ಪಕ್ಕದವಳ ಕೈ ಹಿಡಿಯಲಿಲ್ಲ. "ಅವಳು ಕಪ್ಪು ಮಿಸ್, ನನ್ನ ಕೈಗೆ ಹತ್ತುತ್ತೆ" ಅಂದಳು. ಸಿಟ್ಟಿನಿಂದಲ್ಲ, ಹೊರಗೆ ಮಳೆ ಬರ್ತಿದೆ ಅನ್ನುವಷ್ಟೇ ಸಲೀಸಾಗಿ. ಇನ್ನೊಂದು ಮಗು ಸುಮ್ನೆ ತನ್ನ ಕೈಯನ್ನು ಫ್ರಾಕಿಗೆ ಒರೆಸಿಕೊಂಡಿತು.

ನಮ್ಮ ಹೆಡ್‌ಮಿಸ್‌ಗೆ ಹೇಳಿದೆ. "ಚಿಕ್ಕ ಮಕ್ಕಳು, ಅವಕ್ಕೇನು ಗೊತ್ತಾಗುತ್ತೆ? ದೊಡ್ಡದು ಮಾಡಬೇಡಿ" ಅಂದರು. ಆದರೆ ಇದೇ ಮಕ್ಕಳು ಚಿತ್ರ ಬರೆಯುವಾಗ "ಸ್ಕಿನ್ ಕಲರ್ ಕೊಡಿ ಮಿಸ್" ಅಂತ ಆ ತಿಳಿ ಗುಲಾಬಿ ಕ್ರೇಯಾನ್‌ಗೆ ಕಿತ್ತಾಡುತ್ತಾರೆ. ತರಗತಿಯಲ್ಲಿ ಆ ಬಣ್ಣದ ಮಗು ಒಂದೂ ಇಲ್ಲ! ನವೆಂಬರ್‌ನಲ್ಲಿ ಫ್ಯಾನ್ಸಿ ಡ್ರೆಸ್ ಬೇರೆ ಇದೆ. ಪ್ರತಿ ವರ್ಷ ಯಾರಾದರೂ ಮಗುವಿನ ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ "ಆದಿವಾಸಿ" ಅಂತ ಕರೆದುಕೊಂಡು ಬರುತ್ತಾರೆ.

ಈ ವಯಸ್ಸಿನ ಮಕ್ಕಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು? ಅನುಭವ ಇದ್ದವರು ತಿಳಿಸಿ.

ಹರಿಹರದ ಅಪ್ಪ:

ಮೇಡಂ, ಬೇಜಾರಾಗಬೇಡಿ. ಮಕ್ಕಳ ತಲೆಯಲ್ಲಿ ಇಲ್ಲದ್ದನ್ನು ನಾವೇ ತುಂಬುವುದು ಯಾಕೆ? ಬಣ್ಣ, ಜಾತಿ ಅಂತ ಕ್ಲಾಸಿನಲ್ಲಿ ಮಾತು ತೆಗೆದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ. ನನ್ನ ಮಗ ಇವತ್ತು ಜಗಳ ಆಡಿದವನ ಜೊತೆ ನಾಳೆ ಚಿಪ್ಸ್ ಹಂಚಿಕೊಂಡು ತಿನ್ನುತ್ತಾನೆ. ಬಿಟ್ಟರೆ ತಾನಾಗೇ ಸರಿಹೋಗುತ್ತೆ.

ಅಕ್ಕೋರು (ಅಂಗನವಾಡಿ, ನಿವೃತ್ತಿ):

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸಿದವಳು ನಾನು. ಊರವರಿಗೆ ಈಗಲೂ ಅಕ್ಕೋರೇ.

ಮೊದಲು ಹರಿಹರದ ಸರ್‌ಗೆ. ಮೂರು ವರ್ಷದ ಮಗುವಿಗೆ ಯಾರ ಮನೆಯಲ್ಲಿ ಅಡುಗೆಮನೆ ತನಕ ಓಡಬಹುದು, ಯಾರ ಮನೆಯಲ್ಲಿ ಕಟ್ಟೆ ಮೇಲೇ ನಿಲ್ಲಬೇಕು ಅಂತ ಗೊತ್ತಿರುತ್ತೆ ಸರ್. ಯಾರೂ ಕೂರಿಸಿಕೊಂಡು ಹೇಳಿರಲ್ಲ. ಅಜ್ಜಿ ಯಾರಿಗೆ ಮನೆ ಲೋಟದಲ್ಲಿ ಚಹಾ ಕೊಡುತ್ತಾಳೆ, ಯಾರಿಗೆ ಗೂಡಿನಲ್ಲಿಟ್ಟ ಬೇರೆ ಲೋಟ ತೆಗೆಯುತ್ತಾಳೆ ಅಂತ ನೋಡಿಕೊಂಡೇ ಬೆಳೆದಿರುತ್ತೆ. ನಾವು ಬಾಯಿ ಮುಚ್ಚಿಕೊಂಡರೆ ಆ ಪಾಠ ನಿಲ್ಲಲ್ಲ. ಅದೊಂದೇ ಪಾಠ ಆಗುತ್ತೆ.

ಈಗ ನಿಮ್ಮ ವಿಷಯ ಮಿಸ್. ಮೊದಲು ಹೋಗಬೇಕಾದ್ದು ಕೈ ಒರೆಸಿಕೊಂಡ ಮಗುವಿನ ಹತ್ತಿರ. ಎಲ್ಲರೂ ಮಾತಾಡಿದ ಮಗುವಿನ ಕಡೆಗೇ ಓಡುತ್ತಾರೆ. ಒರೆಸಿಕೊಂಡದ್ದು ಹಾಗೇ ಮೂಲೆಯಲ್ಲಿ ಉಳಿದುಬಿಡುತ್ತೆ. ನೀವೇ ಅವಳ ಕೈ ಹಿಡಿಯಿರಿ. "ನಿನ್ನ ಕೈಗೆ ಏನೂ ಆಗಿಲ್ಲ, ಒರೆಸೋದು ಬೇಡ" ಅನ್ನಿ. ಎಲ್ಲರಿಗೂ ಕೇಳಿಸುವ ಹಾಗೆ ಅನ್ನಿ.

ಆಮೇಲೆ ಇನ್ನೊಬ್ಬಳು. ಬೈಯಬೇಡಿ. ಬೈದರೆ ಅವಳು ಕಲಿಯೋದು, ಮಿಸ್ ಎದುರಿಗೆ ಇಂಥ ಮಾತು ಆಡಬಾರದು ಅಂತ ಅಷ್ಟೇ. "ನಾವೆಲ್ಲ ಒಂದೇ" ಅನ್ನೋ ಭಾಷಣವೂ ಬೇಡ. ಅವಳ ಕಣ್ಣಿಗೆ ಬೇರೆ ಬೇರೆ ಕಾಣುತ್ತಿರುವಾಗ ಒಂದೇ ಅಂದರೆ ನಂಬುತ್ತಾಳಾ? ಅವಳು ಕೇಳಿದ್ದು ಹತ್ತುತ್ತಾ ಅಂತ. ಅದಕ್ಕೆ ಉತ್ತರ ಕೊಡಿ. ಆ ಕೈ ಹಿಡಿದ ನಿಮ್ಮ ಅಂಗೈ ತೋರಿಸಿ. "ನೋಡು, ಹತ್ತಿತಾ? ಮೈ ಬಣ್ಣ ಅಪ್ಪ ಅಮ್ಮನಿಂದ ಬರುತ್ತೆ. ಅದು ಕೊಳೆ ಅಲ್ಲ. ಮುಟ್ಟಿದರೆ ಹತ್ತಲ್ಲ, ಸೋಪು ಹಚ್ಚಿದರೆ ಹೋಗಲ್ಲ." ನಾಲ್ಕು ವರ್ಷಕ್ಕೆ ಇಷ್ಟು ಸಾಕು.

ಕ್ರೇಯಾನ್ ವಿಷಯಕ್ಕೆ ನಮ್ಮಲ್ಲಿ ಒಂದು ಆಟ ಇತ್ತು. ಬಣ್ಣದ ಪೆಟ್ಟಿಗೆ ನಮಗೆ ಯಾವಾಗಲೂ ಸಾಲುತ್ತಿರಲಿಲ್ಲ. ಒಂದು ಮೊರದಲ್ಲಿ ರಾಗಿ ಹಿಟ್ಟು, ಗೋಧಿ ಹಿಟ್ಟು, ಬೆಲ್ಲದ ಚೂರು, ಹುಣಸೆಹಣ್ಣು, ಕೆಮ್ಮಣ್ಣು, ಎರೆಮಣ್ಣು ಇಡುತ್ತಿದ್ದೆ. ಒಂದು ಹಿಡಿ ಮೈದಾ ಕೂಡ, ಬೇಕಂತಲೇ. ಮಕ್ಕಳು ಒಂದೊಂದರ ಪಕ್ಕ ಕೈ ಚಾಚಿ ತಮ್ಮ ಬಣ್ಣ ಹುಡುಕಬೇಕು. ಮೈದಾಗೆ ಯಾರ ಕೈಯೂ ಹೊಂದುತ್ತಿರಲಿಲ್ಲ. "ನಾನು ಬೆಳ್ಳಗಿದ್ದೀನಿ" ಅಂತ ಮೆರೆಯುತ್ತಿದ್ದ ಒಬ್ಬ ಗೌಡರ ಮನೆ ಹುಡುಗ ಅಲ್ಲಿ ಕೈ ಇಟ್ಟು ಪೆಚ್ಚಾದ. ಗೋಧಿ ಹಿಟ್ಟಿಗೂ ಆಗಲಿಲ್ಲ. ಬೆಲ್ಲಕ್ಕೆ ಹೊಂದಿತು. ಒಂದು ಚೂರು ಬಾಯಿಗೂ ಹೋಯಿತು. ಆಮೇಲೆ ಎಲ್ಲರೂ ಅಡುಗೆಮನೆಯ ಮಾತು ಶುರು ಮಾಡಿದರು. ಯಾರಮ್ಮ ಮುದ್ದೆ ಬಣ್ಣ, ಯಾರಪ್ಪ ಹುಣಸೆ ಬಣ್ಣ ಅಂತ.

ಆದರೆ ಒಂದು ಆಟದಿಂದ ಏನೂ ಆಗಲ್ಲ. ದಿನದ ಕೆಲಸ ನೋಡಿ. ಚಪ್ಪಲಿ ಜೋಡಿಸು, ಕಸ ಎತ್ತು ಅಂತ ಯಾರಿಗೆ ಹೇಳುತ್ತೀರಿ? ಪ್ರಾರ್ಥನೆ ಹೇಳಲು, ಅತಿಥಿಗೆ ಹೂ ಕೊಡಲು ಯಾರನ್ನು ಮುಂದೆ ನಿಲ್ಲಿಸುತ್ತೀರಿ? ಗೋಡೆಯ "ನಮ್ಮ ಸಹಾಯಕರು" ಚಾರ್ಟಿನಲ್ಲಿ ಡಾಕ್ಟರ್ ಬಣ್ಣ ಯಾವುದು, ಕಸ ಗುಡಿಸುವವರ ಬಣ್ಣ ಯಾವುದು ಅಂತಲೂ ನೋಡಿ. ಕಥೆಯ ರಾಕ್ಷಸ ಯಾವಾಗಲೂ ಕಪ್ಪೇ. ಕೃಷ್ಣ ಕಪ್ಪಗಿದ್ದ ಅಂತ ಹಾಡುತ್ತೇವೆ, ಕ್ಯಾಲೆಂಡರಿನಲ್ಲಿ ಮಾತ್ರ ನೀಲಿ ಮಾಡುತ್ತೇವೆ! ನಮ್ಮಲ್ಲಿ ಬಡಿಸುವ ಪಾಳಿ ವಾರ ವಾರ ಬದಲಾಗುತ್ತಿತ್ತು. ಎಲ್ಲ ಕೇರಿಯ ಮಕ್ಕಳೂ ಬಡಿಸಬೇಕು, ಎಲ್ಲರೂ ಚಾಪೆ ಮಡಚಬೇಕು. ಹುಡುಗರೂ.

ಮೊಟ್ಟೆ ಕೊಡುವ ದಿನ ಇನ್ನೊಂದು ತಾಪತ್ರಯ. ತಿನ್ನದ ಮಕ್ಕಳು ಮೂಗು ಮುಚ್ಚಿಕೊಂಡು "ಛೀ" ಅನ್ನುತ್ತಿದ್ದವು. ಬೇರೆ ಸಾಲು ಮಾಡಿ ಅಂತ ಕೆಲವು ಮನೆಯವರು ಬಂದರು. ನಾನು ಮಾಡಲಿಲ್ಲ. ಒಲ್ಲದವರಿಗೆ ಬಲವಂತ ಇಲ್ಲ, ಆದರೆ ಇನ್ನೊಬ್ಬರ ತಟ್ಟೆ ನೋಡಿ ಛೀ ಅನ್ನುವ ಹಾಗಿಲ್ಲ. ಒಬ್ಬ ಅಜ್ಜಿ ಬಂದು "ನಮ್ಮ ಹುಡುಗನ್ನ ಬ್ಯಾರೆ ಕುಂದರಸ್ರಿ" ಅಂದಳು. "ಇರೋದೇ ಒಂದು ಚಾಪೆ ಯಮ್ಮಾ, ಬ್ಯಾರೆ ಎಲ್ಲಿಂದ ತರ್ಲಿ" ಅಂದೆ. ಎರಡು ದಿನ ಮೊಮ್ಮಗನ್ನ ಕಳಿಸಲಿಲ್ಲ. ಮನೆಯಲ್ಲಿ ಅವನ ಹಟ ತಾಳಲಾರದೆ ಮತ್ತೆ ಕಳಿಸಿದಳು.

ಇದೇನು ಹೊಸ ಮಾತಲ್ಲ. 1945ರಲ್ಲಿ ಶಿಶುಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿ ಅನ್ನೋ ಊರಲ್ಲಿ ಬಾಲವಾಡಿ ತೆರೆದಾಗ ದಲಿತ ಕೇರಿಯ ಮಕ್ಕಳು ಅಲ್ಲಿಗೆ ಬರುತ್ತಿರಲಿಲ್ಲ. ಅವರು ಕಾಯುತ್ತಾ ಕೂರಲಿಲ್ಲ, ಪಾಠವನ್ನೇ ಕೇರಿಯ ಅಂಗಳಕ್ಕೆ ಒಯ್ದರು. ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಿಂದ ಅಂಗನವಾಡಿ ಶುರುವಾಯಿತು. ಇವತ್ತಿಗೂ ಕಟ್ಟಡ ಯಾವ ಓಣಿಯಲ್ಲಿದೆ ಅನ್ನೋದರ ಮೇಲೆ ಯಾರ ಮಕ್ಕಳು ಬರುತ್ತಾರೆ ಅಂತ ಹೇಳಬಹುದು.

ಮೆಲ್ಬರ್ನ್ ಕನ್ನಡತಿ:

ಅಕ್ಕೋರೇ, ನಿಮ್ಮ ಮೊರದ ಆಟ ನಾಳೆಯೇ ಮಾಡಿಸುತ್ತೇನೆ! ನಾನು ಇಲ್ಲಿ ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡುತ್ತೇನೆ.

ಹರಿಹರದ ಸರ್, ಚಿಕ್ಕ ಮಕ್ಕಳಿಗೆ ಗೊತ್ತಾಗಲ್ಲ ಅನ್ನೋದನ್ನು ಅಮೆರಿಕದಲ್ಲಿ 1940ರ ದಶಕದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಗಂಡ ಹೆಂಡತಿ, ಇಬ್ಬರೂ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞರು. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ಒಂದೇ ಥರದ ಗೊಂಬೆಗಳನ್ನು ಇಟ್ಟರು. ಬಣ್ಣ ಮಾತ್ರ ಬೇರೆ. ಆಡಲು ಯಾವುದು ಬೇಕು ಅಂದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಶಾಲೆಗಳಲ್ಲಿ ಬಣ್ಣದ ಭೇದ ಕೂಡದು ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಈ ಕೆಲಸದ ಉಲ್ಲೇಖವೂ ಇದೆ.

ಮಿಸ್, ನಾವು ಇಲ್ಲಿ ಪರ್ಸೋನಾ ಡಾಲ್ ಬಳಸುತ್ತೇವೆ. ಆಟದ ಗೊಂಬೆ ಅಲ್ಲ, ನೆಂಟರ ಹಾಗೆ ಆಗಾಗ ಬರುತ್ತೆ. ಅದಕ್ಕೆ ಹೆಸರು, ಮನೆ, ಮನೆಮಾತು, ಇಷ್ಟದ ತಿಂಡಿ ಎಲ್ಲ ಇರುತ್ತೆ. ಎರಡು ಮೂರು ಸಲ ಸುಮ್ನೆ ಪರಿಚಯ ಆಗಲಿ. ಆಮೇಲೆ ಒಂದು ದಿನ "ಇವತ್ತು ಇವಳಿಗೆ ಬೇಜಾರಾಗಿದೆ, ಯಾರೋ ಆಟಕ್ಕೆ ಸೇರಿಸಿಕೊಳ್ಳಲಿಲ್ಲವಂತೆ, ಏನು ಮಾಡೋಣ?" ಅಂತ ಕೇಳಿ. ಮಕ್ಕಳೇ ದಾರಿ ಹೇಳುತ್ತಾರೆ. ಆದರೆ ತರಗತಿಯಲ್ಲಿ ನಡೆದದ್ದನ್ನು ಮಾರನೇ ದಿನವೇ ಗೊಂಬೆಗೆ ಅಂಟಿಸಬೇಡಿ. ಯಾರ ಕಥೆ ಅಂತ ಮಕ್ಕಳಿಗೆ ಥಟ್ಟನೆ ಗೊತ್ತಾಗುತ್ತೆ, ಆ ಹುಡುಗಿಗೆ ಮತ್ತೆ ಅವಮಾನ.

ತಾಂಡಾ ಹುಡುಗಿ:

ಫ್ಯಾನ್ಸಿ ಡ್ರೆಸ್ ಅಂದಿರಲ್ಲ ಮಿಸ್. ನನ್ನ ಮಗಳ ಶಾಲೆಯಲ್ಲಿ ಒಂದು ಮಗು ಲಂಬಾಣಿ ವೇಷ ಹಾಕಿ ಪ್ರೈಜ್ ತಗೊಂಡಿತು. ಮರುವಾರ ನಮ್ಮ ಅವ್ವ ಮೊಮ್ಮಗಳನ್ನು ಕರೆಯಲು ಶಾಲೆಗೆ ಹೋದಳು, ದಿನಾ ಉಡುವ ಬಟ್ಟೆಯಲ್ಲೇ. "ನಿಮ್ಮಜ್ಜಿ ಯಾಕೆ ಇವತ್ತೂ ಫ್ಯಾನ್ಸಿ ಡ್ರೆಸ್ ಹಾಕಿದ್ದಾರೆ?" ಅಂತ ಮಕ್ಕಳು ಕೇಳಿದವಂತೆ.

ವೇಷ ಹಾಕಿಸೋ ಬದಲು ಅಜ್ಜಿಯನ್ನೇ ಒಂದು ದಿನ ಕರೆಸಿ. ಕನ್ನಡಿ ಕೂರಿಸಿ ಹೊಲಿಯೋದನ್ನು ತೋರಿಸಲಿ. ಇನ್ನೊಂದು ಮಾತು, ನಿಮ್ಮ ತಾಂಡಾ ಮಕ್ಕಳು ಮಾತಾಡದಿದ್ದರೆ ಮಂಕು ಅಂದುಕೊಳ್ಳಬೇಡಿ. ಯಾಡಿ ಅಂದರೆ ಅಮ್ಮ, ಬಾಟಿ ಅಂದರೆ ರೊಟ್ಟಿ. ಇವೆರಡು ನಿಮ್ಮ ಬಾಯಲ್ಲಿ ಬರಲಿ, ನೋಡಿ ಎಷ್ಟು ಮಾತಾಡುತ್ತಾರೆ ಅಂತ.

ದಾವಣಗೆರೆ ಮಿಸ್:

ಎಲ್ಲರಿಗೂ ಥ್ಯಾಂಕ್ಸ್. ಹಿಟ್ಟಿನ ಆಟ ಮಾಡಿಸಿದೆ. ಎರೆಮಣ್ಣು ಸಿಗಲಿಲ್ಲ, ಕಾಫಿ ಪುಡಿ ಇಟ್ಟೆ. ಕೈ ಒರೆಸಿಕೊಂಡಿದ್ದ ಹುಡುಗಿ ಅದರ ಪಕ್ಕ ಕೈ ಇಟ್ಟು "ನಾನು ಕಾಫಿ, ನೀವೂ ಕಾಫಿ ಮಿಸ್" ಅಂದಳು. ನಿಜ, ನಾನೂ ಅದೇ ಬಣ್ಣ. ಇನ್ನೊಬ್ಬಳು ಇನ್ನೂ ಅವಳ ಪಕ್ಕ ತಾನಾಗಿ ಕೂರಲ್ಲ, ಆದರೆ ಕೈ ಹಿಡಿಯುತ್ತಾಳೆ. ಗೊಂಬೆಗೆ ಹೆಡ್‌ಮಿಸ್ ಒಪ್ಪಿದ್ದಾರೆ. ಮುಖಕ್ಕೆ ಕಪ್ಪು ಬಳಿಯಬೇಡಿ ಅಂತ ಪೋಷಕರಿಗೆ ಮೆಸೇಜ್ ಹಾಕೋಣ ಅಂದರೆ "ನೋಡೋಣ" ಅಂತಿದ್ದಾರೆ. ಅಂಗಡಿಯಲ್ಲಿ ಎಲ್ಲ ಬಿಳಿ ಗೊಂಬೆಗಳೇ. ಮನೆಯಲ್ಲೇ ಹೊಲಿಯಬಹುದಾ ಅಕ್ಕೋರೇ?

ಅಕ್ಕೋರು:

ಧಾರಾಳವಾಗಿ. ಹಳೇ ಕಂದು ಬಣ್ಣದ ಕಾಟನ್ ಲಂಗ ಇದ್ದರೆ ಸಾಕು. ಒಳಗೆ ಹತ್ತಿ ತುಂಬಿರಿ. ಚಿಂದಿ ತುಂಬಿದರೆ ಗಂಟು ಗಂಟಾಗುತ್ತೆ. ಮಡಿಲಲ್ಲಿ ಕೂರಿಸಿಕೊಳ್ಳುವಷ್ಟು ದೊಡ್ಡದಿರಲಿ. ಕಣ್ಣಿಗೆ ಗುಂಡಿ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ನೂಲಿನಲ್ಲೇ ಹೊಲಿಯಿರಿ. ಕೂದಲಿಗೆ ಕಪ್ಪು ಉಲ್ಲನ್ ಎರಡು ಜಡೆ. ಮತ್ತೆ ಹೆಸರಿಡುವಾಗ ನಿಮ್ಮ ತರಗತಿಯ ಯಾವ ಮಗುವಿನ ಹೆಸರೂ ಆಗದಂತೆ ನೋಡಿಕೊಳ್ಳಿ.