ಚೈತ್ರದಲ್ಲಿ ತಂಗಿಯ ಸೀಮಂತ: ಹೂವು, ಬಿಸಿಲು, ಊಟ, ಮತ್ತೆ ಅಮ್ಮನ ವಿಷಯ

ಕೇಳಿದವರು, ಮೈಸೂರಿನಿಂದ

ನನ್ನ ತಂಗಿಗೆ ಏಪ್ರಿಲ್‌ನಲ್ಲಿ ಏಳನೇ ತಿಂಗಳು. ಸೀಮಂತ ನಮ್ಮಮ್ಮನ ಮನೆಯಲ್ಲೇ ಮಾಡೋಣ ಅಂತಿದ್ದೇವೆ. ಸುಮಾರು 40 ಜನ ಬರುತ್ತಾರೆ. ಯುಗಾದಿ ಆಗಷ್ಟೇ ಮುಗಿದಿರುತ್ತದೆ, ಮರಗಳೆಲ್ಲ ಚಿಗುರಿರುತ್ತವೆ. ಹಾಗಾಗಿ ಅಲಂಕಾರ, ಊಟ ಎಲ್ಲದರಲ್ಲೂ ವಸಂತ ಕಾಣಬೇಕು ಅನ್ನುವುದು ಅವಳ ಆಸೆ. ಅಲಂಕಾರ ಮಾಡುವವರೊಬ್ಬರನ್ನು ವಿಚಾರಿಸಿದೆ. ಬಲೂನಿನ ಕಮಾನು, ಬಟ್ಟೆಯ ಚಿಟ್ಟೆ, ಥರ್ಮಾಕೋಲಿನ ಅಕ್ಷರ, ಪ್ಲಾಸ್ಟಿಕ್ ಹೂವಿನ ಗೋಡೆ ತೋರಿಸಿದರು. ನಮಗ್ಯಾರಿಗೂ ಹಿಡಿಸಲಿಲ್ಲ. ಸಂಜೆ ತಾರಸಿ ಮೇಲೆ ಶಾಮಿಯಾನ ಹಾಕಿಸುವುದಾ, ಬೆಳಿಗ್ಗೆ ಮನೆಯೊಳಗೇ ಮಾಡುವುದಾ ಅನ್ನುವುದೂ ತೀರ್ಮಾನ ಆಗಿಲ್ಲ.

ಇನ್ನೊಂದು ವಿಷಯ. ನಮ್ಮ ಅಪ್ಪ ತೀರಿಕೊಂಡು ಕೆಲವು ವರ್ಷ ಆಯಿತು. ಅಮ್ಮ ಹೂ ಮುಡಿಸಬಾರದು, ಆರತಿ ಎತ್ತಬಾರದು ಅಂತ ದೊಡ್ಡಮ್ಮ ಈಗಿನಿಂದಲೇ ಹೇಳುತ್ತಿದ್ದಾರೆ. ಅಮ್ಮ ಏನೂ ಮಾತಾಡುತ್ತಿಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಬೆಂಗಳೂರಿನಿಂದ

ವಸಂತ ಬೇಕು ಅಂದರೆ ಮೊದಲು ಮೊಗ್ಗಿನ ಜಡೆ. ನೀವಂತೂ ಮಲ್ಲಿಗೆಯ ಊರಲ್ಲೇ ಇದ್ದೀರಿ. ಮಲ್ಲಿಗೆ ಬಿಸಿಲಿನ ಹೂವು. ಬೇಸಿಗೆ ಶುರುವಾಗುತ್ತಿದ್ದಂತೆ ರಾಶಿ ರಾಶಿ ಬರುತ್ತದೆ, ಚಳಿಗಾಲದಲ್ಲಿ ಕಡಿಮೆಯಾಗಿ ಬೆಲೆ ಏರುತ್ತದೆ. ಹಾಗಂತ ಏಪ್ರಿಲ್‌ನಲ್ಲಿ ಎಲ್ಲ ದಿನವೂ ಅಗ್ಗ ಅಂತಲ್ಲ. ಹಬ್ಬದ ಹಿಂದುಮುಂದು, ಅಕ್ಷಯ ತದಿಗೆ, ಮದುವೆ ಮುಹೂರ್ತ ಜಾಸ್ತಿ ಇರುವ ದಿನಗಳನ್ನು ಬಿಟ್ಟು ದಿನ ನೋಡಿಸಿ. ದೇವರಾಜ ಮಾರುಕಟ್ಟೆಯಲ್ಲಿ ಮೊದಲೇ ಹೇಳಿಟ್ಟು ಬನ್ನಿ. ಮೊಗ್ಗು ಬಿಗಿಯಾಗಿರುವಾಗಲೇ ಪೋಣಿಸಬೇಕು. ಸಂಜೆ ಹೊತ್ತಿಗೆ ಅದು ಅರಳಿಬಿಡುತ್ತದೆ, ಜಡೆಯ ಅಂದ ಕೆಡುತ್ತದೆ. ಹಾಗಾಗಿ ಬೆಳಿಗ್ಗೆಯೇ ಮಾಡಿ ಅನ್ನುವುದು ನನ್ನ ಸಲಹೆ.

ಜಡೆ ಹಗುರ ಇರಲಿ. ಉದ್ದ ಜಡೆ, ಮೇಲೆ ಬಿಲ್ಲೆಗಳು, ಕೆಳಗೆ ಕುಚ್ಚು ಎಲ್ಲ ಸೇರಿದರೆ ಕತ್ತು ಹಿಡಿದುಕೊಳ್ಳುತ್ತದೆ. ನನ್ನ ಸೊಸೆಗೆ ಬೆನ್ನಿನ ಅರ್ಧಕ್ಕೆ ನಿಲ್ಲುವಷ್ಟೇ ಮಾಡಿಸಿದ್ದೆವು. ಫೋಟೋದಲ್ಲಿ ಏನೂ ಕಡಿಮೆ ಕಾಣಲಿಲ್ಲ, ಅವಳು ಕುರ್ಚಿಗೆ ಒರಗಿ ಕೂರುವುದಕ್ಕೂ ಆಯಿತು. ಇನ್ನೊಂದು, ಬಸುರಿಯರಲ್ಲಿ ಕೆಲವರಿಗೆ ಗಾಢ ವಾಸನೆ ಆಗುವುದಿಲ್ಲ. ಮಲ್ಲಿಗೆ, ಸಂಪಿಗೆ, ಊದುಬತ್ತಿ ಎಲ್ಲ ಒಂದೇ ಕೋಣೆಯಲ್ಲಿ ಸೇರಿದರೆ ತಲೆನೋವು ಬಂದೇ ಬರುತ್ತದೆ. ತಂಗಿಯನ್ನು ಮೊದಲೇ ಕೇಳಿ. ಆಗಲ್ಲ ಅಂದರೆ ಕನಕಾಂಬರ ಇದೆಯಲ್ಲ, ಅದಕ್ಕೆ ವಾಸನೆಯೇ ಇಲ್ಲ. ಬಣ್ಣವೂ ಹಸಿರು ಸೀರೆಗೆ ತುಂಬಾ ಒಪ್ಪುತ್ತದೆ.

ಥರ್ಮಾಕೋಲ್ ಬೇಡವೇ ಬೇಡ. ಅಲಂಕಾರದ ಥರ್ಮಾಕೋಲ್, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಅಲಂಕಾರದವರು ತಂದರೂ ನೀವು ಒಪ್ಪಬೇಡಿ. ಹಸೆಯ ಎರಡೂ ಕಡೆ ಬಾಳೆಕಂಬ, ಬಾಗಿಲಿಗೆ ಮಾವಿನ ತೋರಣ, ನಡುನಡುವೆ ಬೇವಿನ ಹೂಗೊಂಚಲು ಸಾಕು. ಮಾವಿನ ಕೆಂಪು ಚಿಗುರು ನೋಡಲು ಚೆಂದ, ಆದರೆ ಬೇಗ ಜೋತುಬೀಳುತ್ತದೆ. ತೋರಣಕ್ಕೆ ಬಲಿತ ಎಲೆ ಹಾಕಿ. ಚಿಗುರಿನ ಟೊಂಗೆಗಳನ್ನು ನೀರು ತುಂಬಿದ ಹಿತ್ತಾಳೆ ಬಿಂದಿಗೆಯಲ್ಲಿ ನಿಲ್ಲಿಸಿ.

ಬಾಗಲಕೋಟೆಯಿಂದ

ನಮ್ಮ ಕಡೆ ಇದಕ್ಕೆ ಕುಬಸ ಅಂತೀವಿ. ತವರಿನವರು ಹಸಿರು ಸೀರೆ, ಖಣ, ಹಸಿರು ಬಳೆ ತಂದು ಉಡಿ ತುಂಬುತ್ತಾರೆ. ಅಲಂಕಾರಕ್ಕೆ ಬಟ್ಟೆ ಬೇಕಿದ್ದರೆ ಗುಳೇದಗುಡ್ಡದ ಖಣ ತರಿಸಿ. ಹಸಿರು, ಹಳದಿ, ಮಾವಿನ ಚಿಗುರಿನ ಕೆಂಪು, ಎಲ್ಲ ಬಣ್ಣವೂ ಸಿಗುತ್ತದೆ. ನನ್ನ ಮಗಳ ಕುಬಸಕ್ಕೆ ಖಣವನ್ನು ತ್ರಿಕೋನವಾಗಿ ಮಡಿಸಿ ದಾರಕ್ಕೆ ಸೂಜಿಯಿಂದ ಸುಮ್ನೆ ಟಾಕಿ ಗೋಡೆ ತುಂಬ ಕಟ್ಟಿದೆವು. ಕತ್ತರಿಸಲಿಲ್ಲ. ಆಮೇಲೆ ಬಿಚ್ಚಿ, ಒಗೆದು, ಅದರಲ್ಲೇ ಕೂಸಿಗೆ ಕುಂಚಿಗೆ, ಕುಲಾಯಿ ಹೊಲಿಸಿದೆವು. ಒಳಗೆ ಹತ್ತಿಯ ಮೆತ್ತನೆ ಬಟ್ಟೆ ಕೊಟ್ಟು ಹೊಲಿಸಬೇಕು, ಖಣ ಎಳೆ ಚರ್ಮಕ್ಕೆ ಚುಚ್ಚುತ್ತದೆ.

ಬರುವ ಹೆಂಗಸರಿಗೆ ಉಡುಗೊರೆ ಬೇಡ ಅಂತ ಹೇಳಿ. ಬದಲಿಗೆ ಉಟ್ಟು ಉಟ್ಟು ಮೆತ್ತಗಾದ ಹಳೆ ಹತ್ತಿ ಸೀರೆಯ ಒಂದು ತುಂಡು ತರಲಿ. ಅದೆಲ್ಲ ಸೇರಿಸಿ ಕೌದಿ ಹೊಲಿಸಬಹುದು. ಎಷ್ಟೋ ಮನೆಗಳಲ್ಲಿ ಹುಟ್ಟುವ ಮುಂಚೆ ಕೂಸಿಗೆ ಸಾಮಾನು ಕೊಳ್ಳುವುದಿಲ್ಲ ಅಲ್ವಾ, ಅಂಥವರಿಗೂ ಇದು ಒಪ್ಪುತ್ತದೆ. ಬಟ್ಟೆ ಈಗ ಕೂಡಿಟ್ಟು ಹೊಲಿಗೆ ಹೆರಿಗೆ ಆದಮೇಲೆ ಶುರು ಮಾಡಿದರಾಯಿತು.

ಉಡುಪಿಯಿಂದ

ನಮ್ಮಲ್ಲಿ ಬಯಕೆ. ಇಲ್ಲಿಂದ ಶಂಕರಪುರ ಮಲ್ಲಿಗೆ ತರಿಸುವುದಾದರೆ ಲೆಕ್ಕ ತಿಳಿದಿರಲಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಲೆ ದಿನಾ ಬದಲಾಗುತ್ತದೆ. ಮುಡಿಸುವ ಶಾಸ್ತ್ರಕ್ಕೆ ಒಂದು ಚೆಂಡು, ಬಂದವರಿಗೆ ಕೊಡಲು ಒಂದು ಅಟ್ಟೆ ಇದ್ದರೆ 40 ಜನಕ್ಕೆ ಸಾಕು. ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ, ಹಾಗೇ ಇಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ.

ದಾವಣಗೆರೆಯಿಂದ, ಹೆರಿಗೆ ವಾರ್ಡಿನ ದಾದಿ

ಅಲಂಕಾರ ಆಮೇಲೆ. ನಾನು ಬಸುರಿಯ ಕಡೆಯಿಂದ ಹೇಳುತ್ತೇನೆ.

ತಾರಸಿ ಬೇಡ. ಮಧ್ಯಾಹ್ನ ಕಾದ ತಾರಸಿ ಸಂಜೆಯೂ ಕಾವು ಉಗುಳುತ್ತಿರುತ್ತದೆ. ಏಪ್ರಿಲ್‌ನಲ್ಲಿ ನಾಲ್ಕು ಗಂಟೆಯ ಮೇಲೆ ಗಾಳಿ, ಗುಡುಗು ಬರುವುದೂ ಸಾಮಾನ್ಯ. ತಿಂಗಳ ನಡುವಿಗೆ ಅಶ್ವಿನಿ ಮಳೆ, ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ, ಆದರೆ ಶಾಮಿಯಾನ ನಿಲ್ಲುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಕೂರಿಸಿ. ಹನ್ನೊಂದಕ್ಕೆ ಶಾಸ್ತ್ರ ಮುಗಿಸಿ ಅವಳಿಗೆ ಮೊದಲು ಊಟ ಹಾಕಿ. ಎಲ್ಲರ ಊಟ ಆಗುವವರೆಗೆ ಬಸುರಿ ಕಾಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನನಗೆ ಬಹಳ ಬೇಸರ ಆಗುತ್ತದೆ.

ಮಣೆ ಮೇಲೆ ಕೂರಲೇಬೇಕು ಅಂದರೆ ಐದು ನಿಮಿಷದ ಶಾಸ್ತ್ರಕ್ಕೆ ಸಾಕು. ಉಳಿದ ಹೊತ್ತು ಬೆನ್ನಿಗೆ ದಿಂಬು ಇರುವ ಕುರ್ಚಿ, ಕಾಲಿಗೊಂದು ಚಿಕ್ಕ ಸ್ಟೂಲ್. ಹೊಗೆ ಹತ್ತಿರ ಬೇಡ. ಹೋಮ ಇದ್ದರೆ ಕಿಟಕಿ ತೆಗೆದಿಡಿ. ರೇಷ್ಮೆ ಸೀರೆ ಶಾಸ್ತ್ರಕ್ಕೆ ಉಡಲಿ, ಆಮೇಲೆ ತೆಳು ಹತ್ತಿ ಸೀರೆಗೆ ಬದಲಾಯಿಸಲಿ.

ಬಳೆಯ ವಿಷಯ ಯಾರೂ ಹೇಳುವುದಿಲ್ಲ. ಏಳನೇ ತಿಂಗಳಿಗೆ, ಅದರಲ್ಲೂ ಬೇಸಿಗೆಯಲ್ಲಿ, ಕೈ ಊದಿಕೊಂಡಿರುತ್ತದೆ. ಮಾಮೂಲಿ ಅಳತೆ ಎರಡು ನಾಲ್ಕು ಆದರೆ ಎರಡು ಆರು ತೆಗೆದುಕೊಳ್ಳಿ. ಬಳೆಗಾರರನ್ನು ಮನೆಗೇ ಕರೆಸುವುದು ಒಳ್ಳೆಯದು, ಕೈ ನೋಡಿ ಅವರೇ ತೊಡಿಸುತ್ತಾರೆ. ಮುಖ ಊದಿಕೊಂಡರೆ, ಕೈಕಾಲು ಇದ್ದಕ್ಕಿದ್ದಂತೆ ಜಾಸ್ತಿ ಊದಿಕೊಂಡರೆ, ಬಿಡದೆ ತಲೆನೋವು ಬಂದರೆ, ಕಣ್ಣು ಮಂಜಾದರೆ ಸೀಮಂತ ನಿಲ್ಲಿಸಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತದೊತ್ತಡ ನೋಡಲೇಬೇಕು.

ಸಕ್ಕರೆ ಪರೀಕ್ಷೆಯನ್ನು 24ರಿಂದ 28ನೇ ವಾರದ ನಡುವೆ ಮಾಡಿರುತ್ತಾರೆ. ಅದರಲ್ಲಿ ಜಾಸ್ತಿ ಬಂದಿದ್ದರೆ ಬಂದವರೆಲ್ಲ ಬಾಯಿಗೆ ಸಿಹಿ ಇಡುವುದು ಬೇಡ. ಸೌತೆಕಾಯಿ ಹೋಳು, ನೆನೆಸಿದ ಬಾದಾಮಿ ಇಟ್ಟರೂ ಅದೇ ಪ್ರೀತಿ. ಬಡಿಸುವವರಿಗೆ ಮೊದಲೇ ಹೇಳಿಡಿ, ಆ ಹೊತ್ತಿನಲ್ಲಿ ಅವಳೇ ಬೇಡ ಅನ್ನುವುದು ಕಷ್ಟ.

ಕೊನೆಯದಾಗಿ, ಗಂಡಾ ಹೆಣ್ಣಾ ಅಂತ ಊಹಿಸುವ ಆಟ, ನೀಲಿ ಗುಲಾಬಿ ಬಣ್ಣದ ಕೇಕು ದಯವಿಟ್ಟು ಬೇಡ. ಹೊರದೇಶದಲ್ಲಿ ಸ್ಕ್ಯಾನ್ ಮಾಡಿದವರು ಹೇಳುತ್ತಾರೆ. ನಮ್ಮಲ್ಲಿ ಭ್ರೂಣಲಿಂಗ ತಿಳಿಸುವುದು 1994ರ ಕಾಯ್ದೆ ಪ್ರಕಾರ ಅಪರಾಧ. ಆಟ ಅಂತ ಶುರುವಾಗಿ ಎಲ್ಲರೂ ಗಂಡು ಗಂಡು ಅಂದಾಗ ಆ ಹುಡುಗಿಯ ಮುಖ ಸಪ್ಪಗಾಗುತ್ತದೆ. ವಸಂತಕ್ಕೆ ಹಸಿರು, ಹಳದಿ ಇರುವಾಗ ಆ ಎರಡು ಬಣ್ಣವೇ ಯಾಕೆ?

ಶಿವಮೊಗ್ಗದಿಂದ

ಊಟಕ್ಕೆ ನಾನು ಹೇಳ್ತೀನಿ. ಏಪ್ರಿಲ್‌ನಲ್ಲಿ ಸೀಮಂತದ ಊಟ ರಾಮನವಮಿಯ ದಾರಿಯಲ್ಲೇ ಹೋಗಲಿ. ಬಂದ ಕೂಡಲೇ ಬೆಲ್ಲದ ಪಾನಕ, ನೀರುಮಜ್ಜಿಗೆ. ಪಾನಕಕ್ಕೆ ನಿಂಬೆ, ಏಲಕ್ಕಿ, ಒಂದು ಚೂರು ಶುಂಠಿ. ಒಬ್ಬರಿಗೆ ಒಂದೂವರೆ ಲೋಟದ ಲೆಕ್ಕ ಹಾಕಿದರೆ 40 ಜನಕ್ಕೆ 12 ಲೀಟರ್ ಬೇಕು. ಕುದಿಸಿ ಆರಿಸಿದ ನೀರಲ್ಲಿ ಮಾಡಿ ಮಣ್ಣಿನ ಮಡಕೆಯಲ್ಲಿಡಿ, ಹೊರಗಿನ ಐಸ್ ಹಾಕಬೇಡಿ.

ಎಲೆಗೆ ಹೆಸರುಬೇಳೆ ಕೋಸಂಬರಿ, ಎಳೆ ಹಲಸಿನಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಅಪ್ಪೆಹುಳಿ, ಮೊಸರನ್ನ. ಬಗೆಬಗೆಯ ಅನ್ನ ಮಾಡುವ ಪದ್ಧತಿ ಇದ್ದರೆ ಮಾಡಿ, ಆದರೆ ಎಲ್ಲ ಸೇರಿ ಅಕ್ಕಿ ನಾಲ್ಕೂವರೆ ಕೆಜಿ ದಾಟಬಾರದು. ಬಿಸಿಲಿಗೆ ಜನ ಊಟ ಕಡಿಮೆ ಮಾಡುತ್ತಾರೆ, ಕಾಯಿ ಹಾಕಿದ್ದು ಸಂಜೆಗೆ ಹಳಸುತ್ತದೆ. ಸಿಹಿಗೆ ಒಂದು ಹೋಳಿಗೆ, ಒಂದು ಹೆಸರುಬೇಳೆ ಪಾಯಸ ಸಾಕು. ಅಪ್ಪೆಹುಳಿ ಮಾತ್ರ ಬಿಡಬೇಡಿ! ಬೇಯಿಸಿದ ಮಾವಿನಕಾಯಿ ಕಿವುಚಿ, ನೀರು ಬೆರೆಸಿ, ಇಂಗು ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಹುಳಿಗೆ ಬಾಯಿ ನೀರೂರುವ ಬಸುರಿಗೆ ಇದಕ್ಕಿಂತ ಇನ್ನೇನು ಬೇಕು.

ನ್ಯೂಜೆರ್ಸಿಯಿಂದ

ಇಲ್ಲಿರುವ ಕನ್ನಡದವರಿಗೆ ಉಪಯೋಗಕ್ಕೆ ಬರಲಿ ಅಂತ ಎರಡು ಮಾತು. ನೆವಾರ್ಕ್‌ನ ಬ್ರಾಂಚ್ ಬ್ರೂಕ್ ಪಾರ್ಕಿನಲ್ಲಿ 5000ಕ್ಕೂ ಜಾಸ್ತಿ ಚೆರಿ ಮರಗಳಿವೆ, ಏಪ್ರಿಲ್‌ನಲ್ಲಿ ಅರಳುತ್ತವೆ. ಗೆಳತಿಯ ಸೀಮಂತದ ಫೋಟೋ ಅಲ್ಲಿ ತೆಗೆದೆವು, ಶಾಸ್ತ್ರ ಮನೆಯಲ್ಲಿ ಮಾಡಿದೆವು. ಹೊರಗೆ ಇನ್ನೂ ಚಳಿ, ಮೇಲಾಗಿ ಪರಾಗಕ್ಕೆ ಸೀನು ಬರುವವರು ಬಸುರಿನಲ್ಲಿ ಕಂಡಕಂಡ ಮಾತ್ರೆ ನುಂಗುವ ಹಾಗಿಲ್ಲ, ವೈದ್ಯರನ್ನು ಕೇಳಲೇಬೇಕು. ಊರಿಂದ ಅಮ್ಮ ಬರಲು ಆಗಿರಲಿಲ್ಲ, ವೀಡಿಯೊದಲ್ಲಿ ಸೋಬಾನೆ ಹಾಡಿದರು. ಸಮಯ ನೋಡಿಕೊಳ್ಳಿ, ಏಪ್ರಿಲ್‌ನಲ್ಲಿ ಇಲ್ಲಿಗೂ ಊರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ.

ತುಮಕೂರಿನಿಂದ

ನಿಮ್ಮ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಕ್ಕನ ಸೀಮಂತದ ಹೊತ್ತಿಗೆ ನಮ್ಮ ಅಪ್ಪನೂ ಇರಲಿಲ್ಲ. ನಾನು ಅಡುಗೆಮನೆ ನೋಡಿಕೊಳ್ಳುತ್ತೇನೆ, ನೀವೆಲ್ಲ ಮಾಡಿ ಅಂದುಬಿಟ್ಟರು ಅಮ್ಮ. ಅಮ್ಮ ಮುಡಿಸದ ಹೂ ನನಗೆ ಬೇಡ ಅಂದಳು ಅಕ್ಕ. ಪುರೋಹಿತರನ್ನು ಕೇಳಿದೆವು. ಹೆತ್ತ ತಾಯಿ ಹರಸುವುದಕ್ಕೆ ಯಾವ ಅಡ್ಡಿ ಅಂತ ಅವರೇ ಕೇಳಿದರು. ಎಲ್ಲ ಪುರೋಹಿತರೂ ಹೀಗೇ ಹೇಳುತ್ತಾರೆ ಅಂತಿಲ್ಲ. ಬೇರೆ ಥರ ಹೇಳಿದರೂ ನಾನು ನಿಮ್ಮ ಜಾಗದಲ್ಲಿದ್ದರೆ ಅಮ್ಮನ ಪರವೇ ನಿಲ್ಲುತ್ತಿದ್ದೆ. ಆ ಮಗಳನ್ನು ಹೊತ್ತು, ಹೆತ್ತು, ಸಾಕಿದವರು ಅವರು. ನಾಳೆ ಬಾಣಂತನಕ್ಕೆ ರಾತ್ರಿಯೆಲ್ಲ ನಿದ್ದೆಗೆಡುವವರೂ ಅವರೇ. ಎಣ್ಣೆನೀರು ಹಾಕಲು ಆಗುವ ಕೈ ಹೂ ಮುಡಿಸಲು ಯಾಕೆ ಆಗಬಾರದು?

ಆದರೆ ಮಾಡುವ ರೀತಿ ಇದೆ. ಅವತ್ತಿನ ದಿನ ಎಲ್ಲರ ಎದುರು ಅಮ್ಮನ ಕೈ ಹಿಡಿದು ಎಳೆಯಬೇಡಿ. ಎಷ್ಟೋ ಅಮ್ಮಂದಿರಿಗೆ ಅದು ಮರ್ಯಾದೆ ಅನ್ನಿಸುವುದಿಲ್ಲ, ಹಿಂಸೆ ಅನ್ನಿಸುತ್ತದೆ. ಮೊದಲು ಅಮ್ಮನನ್ನು ಒಬ್ಬರೇ ಇರುವಾಗ ಕೇಳಿ, ನಿನಗೇನು ಮಾಡಬೇಕು ಅನ್ನಿಸುತ್ತದೆ ಅಂತ. ನಮ್ಮಮ್ಮ ಆರತಿ ಬೇಡ, ಹೂ ಮುಡಿಸಿ ಮಡಿಲಕ್ಕಿ ಹಾಕುತ್ತೇನೆ ಅಂದರು. ಹಾಗೇ ಮಾಡಿದೆವು. ಮೊದಲ ಹೂ ಅಮ್ಮನದೇ.

ದೊಡ್ಡಮ್ಮನನ್ನೂ ದೂರ ಮಾಡಬೇಡಿ. ಸೀಮಂತಕ್ಕೆ ವಾರ ಮುಂಚೆ ಮನೆಗೆ ಹೋಗಿ ಕೂತು ಮಾತಾಡಿ. ಫೋನಿನಲ್ಲಿ ಬೇಡ. ‘ದೊಡ್ಡಮ್ಮ, ಆರತಿಗೆ ನೀವೇ ಮುಂದೆ ನಿಲ್ಲಬೇಕು, ಹಾಡು ನೀವೇ ಎತ್ತಿಕೊಡಬೇಕು, ಹೂ ಮಾತ್ರ ಅಮ್ಮ ಮುಡಿಸುತ್ತಾರೆ, ತಂಗಿಗೆ ಅದೇ ಆಸೆ’ ಅಂತ ಹೇಳಿ. ಬಸುರಿ ಬಯಕೆ ತೀರಿಸಬೇಕು ಅನ್ನುವುದು ದೊಡ್ಡವರೇ ಹೇಳಿಕೊಟ್ಟದ್ದಲ್ವಾ. ನಮ್ಮ ಅತ್ತೆ ಒಬ್ಬರು ಮುಖ ಗಂಟು ಹಾಕಿಕೊಂಡೇ ಬಂದಿದ್ದರು. ಅಮ್ಮ ಹೂ ಮುಡಿಸುವಾಗ ಅವರೇ ಪಿನ್ ಹುಡುಕಿ ಕೊಟ್ಟರು.

ಮಕ್ಕಳಾಗದವರು, ಗರ್ಭ ಕಳೆದುಕೊಂಡವರು ನಿಮ್ಮ ನೆಂಟರಲ್ಲಿ ಇದ್ದರೆ ಅವರನ್ನೂ ಮನಸಾರೆ ಕರೆಯಿರಿ. ಬರಲು ಮನಸ್ಸಿಲ್ಲದಿದ್ದರೆ ಯಾಕೆ ಅಂತ ಕೇಳಬೇಡಿ. ಬಂದರೆ ಕುಂಕುಮ, ಹೂ, ತಾಂಬೂಲ ಎಲ್ಲರಿಗೂ ಒಂದೇ ಸಮ ಕೊಡಿ.

ಕೇಳಿದವರು, ಮೈಸೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಲಂಕಾರದವರಿಗೆ ಬೇಡ ಅಂತ ಹೇಳಿಯಾಯಿತು. ಬೆಳಿಗ್ಗೆ, ಮನೆಯೊಳಗೆ. ತಂಗಿಗೆ ಮಲ್ಲಿಗೆ ವಾಸನೆ ಈಗ ಆಗುತ್ತಿದೆಯಂತೆ, ಹಾಗಾಗಿ ಮೊಗ್ಗಿನ ಜಡೆಯೇ, ಗಿಡ್ಡದು. ಕೌದಿಯ ವಿಷಯ ಓದಿ ಹೇಳಿದಾಗ ಅಮ್ಮ ಬೀರು ತೆಗೆದು ಹಳೆ ಸೀರೆ ಹುಡುಕಲು ಕೂತರು.

ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂ ಮುಡಿಸುತ್ತೇನೆ, ಆರತಿಯೂ ಎತ್ತುತ್ತೇನೆ ಅಂದರು. ಭಾನುವಾರ ದೊಡ್ಡಮ್ಮನ ಮನೆಗೆ ನಾನೂ ತಂಗಿಯೂ ಹೋಗುತ್ತಿದ್ದೇವೆ. ಒಪ್ಪದಿದ್ದರೂ ಅಮ್ಮನೇ ಮುಡಿಸುವುದು, ಅದು ನಿರ್ಧಾರ ಆಗಿದೆ.

ಇನ್ನು ಎರಡೇ ಬಾಕಿ. ಮೈಸೂರಿನಲ್ಲಿ ಮನೆಗೆ ಬಂದು ಮೊಗ್ಗಿನ ಜಡೆ ಹಾಕುವವರು ಯಾರಾದರೂ ಗೊತ್ತಾ? ಮತ್ತೆ 40 ಜನಕ್ಕೆ ಅಪ್ಪೆಹುಳಿಗೆ ಎಷ್ಟು ಮಾವಿನಕಾಯಿ ಬೇಕು, ಶಿವಮೊಗ್ಗದವರು ಹೇಳಿ.

ಶಿವಮೊಗ್ಗದಿಂದ

ಹುಳಿ ಚೆನ್ನಾಗಿರುವ ಕಾಯಿ ಆದರೆ ಒಂದೂವರೆ ಕೆಜಿ ಸಾಕು. ಹಿಂದಿನ ರಾತ್ರಿಯೇ ಬೇಯಿಸಿಟ್ಟುಕೊಳ್ಳಿ, ನೀರು ಬೆರೆಸುವುದು, ಒಗ್ಗರಣೆ ಹಾಕುವುದು ಎಲೆ ಹಾಕುವ ಹೊತ್ತಿಗೆ.